ಅಷ್ಟೂ ಓಟು ಹಾಕಿದವನು

ಕೈಗವಸು ಹಾಕಿಕೊಳ್ಳಲು ಒಪ್ಪದ ಒಬ್ಬ ಮನುಷ್ಯನಿಂದ ಒಂದು ಸರ್ಕಾರವೇ ಬಂತು ಎಂದರೆ ತಿಳಿದವರು ನಗುತ್ತಾರೆ. ಆ ಬೀದಿಯವರು ನಗುವುದಿಲ್ಲ. ಅವರು ಅದನ್ನು ನಂಬಿದ್ದಾರೆ. ನಂಬಿಕೆಯ ವ್ಯಾಪಾರದಲ್ಲಿ ಅವರು ಈಗಾಗಲೇ ಸಾಕಷ್ಟು ಕಳೆದುಕೊಂಡವರಾದ್ದರಿಂದ, ಉಳಿದಿರುವ ಇದೊಂದನ್ನೂ ಕಿತ್ತುಕೊಳ್ಳುವುದು ಸಭ್ಯರ ಲಕ್ಷಣವಲ್ಲ.

ಆ ಮನುಷ್ಯನದು ಕನ್ನಡಿ ಮಾಡುವ ಕಸುಬು. ಬೀದಿಗೆಲ್ಲ ಅವನು ಕನ್ನಡಿಯವನು. ಗಾಜನ್ನು ತೊಳೆದು, ಮೇಜಿನ ಮೇಲೆ ಅಂಗಾತ ಮಲಗಿಸಿ, ಬೆಳ್ಳಿನೀರು ಸುರಿದು, ಬೆಳ್ಳಿ ಕೂತ ಮೇಲೆ ಬೆನ್ನಿಗೆ ಬಣ್ಣ ಬಳಿದರೆ ಕನ್ನಡಿಯಾಯಿತು. ಈ ಬೆಳ್ಳಿನೀರಿಗೆ ಒಂದು ಕೆಟ್ಟ ಗುಣವಿದೆ. ಚರ್ಮಕ್ಕೆ ತಗುಲಿದಾಗ ಏನೂ ಕಾಣಿಸುವುದಿಲ್ಲ. ಬೆಳಕು ಬಿದ್ದ ಮೇಲೆ ನಿಧಾನವಾಗಿ ಕಪ್ಪಗಾಗುತ್ತದೆ, ಆಮೇಲೆ ವಾರಗಟ್ಟಲೆ ಹೋಗುವುದಿಲ್ಲ. ಮತಗಟ್ಟೆಯಲ್ಲಿ ಬೆರಳಿಗೆ ಹಚ್ಚುವ ಶಾಯಿಯಲ್ಲಿರುವುದೂ ಇದೇ ಸಾಮಾನು. ಆ ಕಸುಬಿನವರೆಲ್ಲ ಅದಕ್ಕೇ ಕೈಗವಸು ಹಾಕುತ್ತಾರೆ. ಇವನು ಮಾತ್ರ, “ಕೈಗವಸು ಡಾಕ್ಟರಿಗೆ. ಬೆಳ್ಳಿ ಕೂತಿದೆಯೋ ಇಲ್ಲವೋ ಅಂತ ಹೇಳೋದು ಬೆರಳು,” ಎನ್ನುತ್ತಿದ್ದ. ಬಲಗೈಯಲ್ಲಿ ಸುರಿಯುತ್ತ, ಎಡಗೈ ತೋರುಬೆರಳಿನಿಂದ ಗಾಜಿನ ಅಂಚು ಮುಟ್ಟಿ, ಕಣ್ಣು ಮುಚ್ಚಿ, ನಾಡಿ ಹಿಡಿದವನಂತೆ ತಲೆಯಾಡಿಸುತ್ತಿದ್ದ. ಗಿರಾಕಿ ಎದುರಿಗಿದ್ದರೆ ಎರಡು ಸಲ ಮುಟ್ಟುತ್ತಿದ್ದ. ಕೂಡಲೇ ಕೈ ತೊಳೆದುಕೊಳ್ಳುತ್ತಿದ್ದುದರಿಂದ ಇಷ್ಟು ವರ್ಷ ಈ ಠೀವಿ ನಡೆದುಕೊಂಡು ಬಂದಿತ್ತು.

ಅವನ ಅಂಗಡಿಯ ಎದುರಿಗೆ ಕ್ಷೌರದ ಅಂಗಡಿ. ಕ್ಷೌರದವನೂ ಇವನೂ ಚಡ್ಡಿ ಹಾಕುವ ಕಾಲದಿಂದ ಜೊತೆ. ಹಿಂದಿನ ವರ್ಷ ಮಳೆ ಹೊಯ್ಯುತ್ತಿದ್ದ ಒಂದು ಸಂಜೆ, ಬೀದಿಯ ತುದಿಯಲ್ಲಿ ಬಾಯಿ ತೆರೆದುಕೊಂಡಿದ್ದ ದೊಡ್ಡ ಚರಂಡಿಗೆ ಕ್ಷೌರದವನ ಮಗಳು ಬಿದ್ದು ಕೊಚ್ಚಿಹೋದಳು. ಅದಕ್ಕೆ ಚಪ್ಪಡಿ ಹಾಕಿಸುತ್ತೇನೆಂದು ಪ್ರತಿ ಚುನಾವಣೆಯಲ್ಲೂ ಹೇಳಿ ಗೆದ್ದಿದ್ದ ವಿಧಾನಸಭೆಯ ಸದಸ್ಯ ಬಂದು, ಚರಂಡಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಇನ್ನೊಂದು ಸಲ ಹೇಳಿ ಹೋದ. ಚಪ್ಪಡಿ ಬರಲಿಲ್ಲ. ಚುನಾವಣೆ ಬಂತು.

“ಈ ಸಲ ಒಬ್ಬನೂ ಹೋಗಬಾರದು,” ಎಂದ ಕ್ಷೌರದವನು. ಅವನು ಕೂಗಿ ಹೇಳಲಿಲ್ಲ. ಕತ್ತರಿ ಒರೆಸುತ್ತ, ಕುರ್ಚಿಯಲ್ಲಿ ಕೂತಿದ್ದ ಗಿರಾಕಿಗೆ ಹೇಳಿದ. ಆ ವಾರ ಕೂದಲು ಕತ್ತರಿಸಿಕೊಂಡವರೆಲ್ಲ ಆಣೆ ಮಾಡಿ ಎದ್ದರು. ಬೋಳುತಲೆಯವರು ತಾವಾಗಿಯೇ ಬಂದು ಆಣೆ ಮಾಡಿ ಹೋದರು.

ಆದರೆ ಆಣೆ ಮಾಡಿದವರಿಗೆ ಇನ್ನೊಬ್ಬರ ಆಣೆಯ ಮೇಲೆ ಅನುಮಾನ. ಓಟು ಹಾಕುವುದು ಗುಟ್ಟು. ಹಾಕದಿರುವುದು ಇನ್ನೂ ಗುಟ್ಟು. ನಿವೃತ್ತ ಮೇಷ್ಟ್ರು ಒಂದು ಉಪಾಯ ಹೇಳಿದರು. ಮತದಾನದ ದಿನ ಬೀದಿಯ ಜನರೆಲ್ಲ ಬೆಳಿಗ್ಗೆಯಿಂದ ಸಂಜೆಯವರೆಗೆ ಬೀದಿಯಲ್ಲೇ ಕುರ್ಚಿ ಹಾಕಿಕೊಂಡು ಕೂರುವುದು. ಒಬ್ಬರು ಓಟು ಹಾಕದ್ದನ್ನು ಇನ್ನೊಬ್ಬರು ಕಣ್ಣಾರೆ ನೋಡುವುದು. ಹಾಗೇ ಆಯಿತು. ಇಸ್ಪೀಟು ಆಡಿದರು, ಟೀ ಕುಡಿದರು, ಹಳೆಯ ಜಗಳಗಳನ್ನು ಹೊರಗೆ ತೆಗೆದು ಧೂಳು ಕೊಡವಿದರು. ಬೀದಿಯ ಕೊನೆಯ ಶಾಲೆಯಲ್ಲಿ ಮತಗಟ್ಟೆಯ ಗುಮಾಸ್ತ ಖಾಲಿ ಪೆಟ್ಟಿಗೆಯ ಮುಂದೆ ಕೂತು ಆಕಳಿಸುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು.

ಅಷ್ಟು ಜನರಲ್ಲಿ ಕಾಣದಿದ್ದವನು ಒಬ್ಬನೇ. ಬಟ್ಟೆ ಅಂಗಡಿಗೆ ಒಪ್ಪಿಸಬೇಕಾದ ಆಳೆತ್ತರದ ಕನ್ನಡಿಯೊಂದು ಬಾಕಿಯಿದ್ದು, ಧೂಳು ಬೀಳದಿರಲೆಂದು ಕನ್ನಡಿಯವನು ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಕೆಲಸ ಮಾಡುತ್ತಿದ್ದ. ಬೆಳ್ಳಿ ಸುರಿದ, ಮುಟ್ಟಿದ, ತಲೆಯಾಡಿಸಿದ. ಕೈ ತೊಳೆಯಲು ನಲ್ಲಿ ತಿರುಗಿಸಿದರೆ ಅದು ಕೆಮ್ಮಿ ಸುಮ್ಮನಾಯಿತು. ತುಂಬಿಟ್ಟಿದ್ದ ನೀರೆಲ್ಲ ಗಾಜು ತೊಳೆಯಲು ಮುಗಿದಿತ್ತು. ಬೆರಳನ್ನು ಪಂಚೆಗೆ ಒರೆಸಿಕೊಂಡು, ಸಂಜೆ ಹೊರಗೆ ಬಂದು, “ಹೇಗಾಯ್ತು ನಮ್ಮ ಬಹಿಷ್ಕಾರ?” ಎಂದು ಕೇಳಿದ. ತನ್ನ ಪಾಲಿನ ಬಹಿಷ್ಕಾರ ತಾನು ಮಾಡಿದ್ದೇನೆಂಬ ಸಮಾಧಾನ ಅವನಿಗೆ.

ಮರುದಿನ ಬೆಳಿಗ್ಗೆ ಕ್ಷೌರಕ್ಕೆ ಕೂತ. ಬಿಸಿಲು ನೇರವಾಗಿ ಕುರ್ಚಿಯ ಕೈಗಳ ಮೇಲೆ ಬೀಳುವ ಹೊತ್ತು. ಕ್ಷೌರದವನು ಕೆನ್ನೆಗೆ ನೊರೆ ಬಳಿದು, ಕತ್ತಿ ಮಸೆದು, ಒಂದು ಕೆನ್ನೆ ಬೋಳಿಸಿ, ಗಲ್ಲ ಎತ್ತಿ ಹಿಡಿದು, ಗಂಟಲಿನ ಕೆಳಗೆ ಕತ್ತಿ ಇಟ್ಟ. ಇಟ್ಟವನು ಎಳೆಯಲಿಲ್ಲ.

“ಯಾಕೋ ನಿಲ್ಲಿಸಿದೆ?” ಎಂದ ಕನ್ನಡಿಯವನು, ತುಟಿ ಅಲ್ಲಾಡಿಸದೆ.

“ನಿನ್ನ ಎಡಗೈ ನೋಡು.”

“ಹೇಗೆ ನೋಡಲಿ, ಕತ್ತಿ ಇಟ್ಟಿದ್ದೀಯಲ್ಲ?”

“ಹಾಗೇ ನೋಡು. ಕಣ್ಣು ಮಾತ್ರ ಇಳಿಸು.”

ಕನ್ನಡಿಯವನು ಕಣ್ಣು ಇಳಿಸಿದ. ತೋರುಬೆರಳಿನ ತುದಿ, ಉಗುರಿನ ಬುಡದವರೆಗೆ, ನೇರಳೆ ಹಣ್ಣು ತಿಂದ ನಾಲಿಗೆಯಂತೆ ಕಪ್ಪಗಾಗಿತ್ತು.

“ಅದು ಬೆಳ್ಳಿ ಕಣೋ. ನಿನ್ನೆ ನಲ್ಲಿಯಲ್ಲಿ ನೀರಿರಲಿಲ್ಲ...”

“ಹೌದೌದು. ಬೆಳ್ಳಿ. ಅದೂ ಎಡಗೈಗೆ. ಅದೂ ತೋರುಬೆರಳಿಗೆ. ಅದೂ ನಿನ್ನೆ.” ಕ್ಷೌರದವನು ಕತ್ತಿ ತೆಗೆದು, ಒರೆಸಿ, ಒರೆಯೊಳಗಿಟ್ಟ. “ಎದ್ದೇಳು.”

“ಅರ್ಧ ಗಡ್ಡ ಹಾಗೇ ಇದೆಯಲ್ಲೋ!”

“ಉಳಿದರ್ಧ ಯಾರಿಗೆ ಓಟು ಹಾಕಿದೆಯೋ ಅವನ ಹತ್ತಿರ ಬೋಳಿಸಿಕೋ.”

ಒಂದು ಕೆನ್ನೆಯಲ್ಲಿ ನೊರೆ, ಕೊರಳಲ್ಲಿ ಟವಲು; ಕನ್ನಡಿಯವನು ಬೀದಿ ದಾಟಿದ. ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡಿದ್ದ. ಮುಷ್ಟಿ ಬಿಗಿಹಿಡಿದು, ನೊರೆ ಸುರಿಸಿಕೊಂಡು ಬರುವ ಮನುಷ್ಯನನ್ನು ಕಂಡು ಮೂಲೆಯ ಇಸ್ತ್ರಿ ಅಕ್ಕ, “ಯಾರನ್ನ ಹೊಡೆಯೋಕೆ ಹೊರಟೆಯಪ್ಪ?” ಎಂದಳು. ಅಷ್ಟರಲ್ಲಿ ಕ್ಷೌರದವನು ಎದುರಿನಿಂದ ಕಾರಣ ಹೇಳಿದ. ಊಟದ ಹೊತ್ತಿಗೆ ಆ ಬೆರಳನ್ನು ನೋಡದವರು ಬೀದಿಯಲ್ಲಿ ಉಳಿದಿರಲಿಲ್ಲ.

ಮನೆಯಲ್ಲಿ ಹೆಂಡತಿ ಅನ್ನ ಬಡಿಸಿ, ಬಾಗಿಲು ಹಾಕಿ, ಹತ್ತಿರ ಬಂದು ಕೂತಳು. “ನೋಡಿ, ನಾನು ಯಾರಿಗೂ ಹೇಳೋಲ್ಲ. ನನಗಾದರೂ ಹೇಳಿ. ಯಾರಿಗೆ ಹಾಕಿದ್ರಿ?”

“ಹಾಕಿಲ್ಲ ಕಣೇ!”

“ನನಗೂ ಹೇಳೋಲ್ಲ ಅಂದ್ರೆ ಆಯ್ತು ಬಿಡಿ,” ಎಂದು ಅವಳು ಮುಖ ತಿರುಗಿಸಿದಳು. “ಇಷ್ಟು ವರ್ಷ ಸಂಸಾರ ಮಾಡಿ ಇಷ್ಟೇ ನನ್ನ ಬೆಲೆ.”

ಇಂಥ ಸಂದರ್ಭದಲ್ಲಿ ಬುದ್ಧಿವಂತರು ಸುಮ್ಮನಿರುತ್ತಾರೆ. ಕಲೆ ತಾನಾಗಿ ಮಾಸುತ್ತದೆ. ಕನ್ನಡಿಯವನು ಬುದ್ಧಿವಂತನಲ್ಲ, ಪ್ರಾಮಾಣಿಕ. ಆ ಸಂಜೆಯೇ ಬೆಳ್ಳಿನೀರಿನ ಬಟ್ಟಲು ಹಿಡಿದುಕೊಂಡು ಬೀದಿಯ ಮಧ್ಯೆ ನಿಂತು, “ಎಲ್ಲರೂ ನೋಡಿ! ಇದು ತಗುಲಿದರೆ ಕಪ್ಪಾಗುತ್ತೆ!” ಎಂದು ಕೂಗಿ, ಎಡಗೈಯ ನಡುಬೆರಳನ್ನು ಅದರಲ್ಲಿ ಅದ್ದಿ ಎತ್ತಿ ತೋರಿಸಿದ.

ಜನ ನೋಡಿದರು. ಬೆರಳು ಒದ್ದೆಯಾಗಿತ್ತು, ಕಪ್ಪಾಗಿರಲಿಲ್ಲ.

“ಸ್ವಲ್ಪ ಹೊತ್ತು ಬೇಕು. ಬೆಳಕು ಬೇಕು,” ಎಂದ ಕನ್ನಡಿಯವನು.

ಸೂರ್ಯ ಆಗಲೇ ಶಾಲೆಯ ಹಿಂದೆ ಇಳಿದಿದ್ದ. ಜನ ಇನ್ನೂ ಸ್ವಲ್ಪ ಹೊತ್ತು ಕಾದರು. ಮೇಷ್ಟ್ರು ಕನ್ನಡಕ ಏರಿಸಿ, ಬೆರಳಿನ ಹತ್ತಿರ ಮೂಗು ತಂದು ಪರೀಕ್ಷಿಸಿ, “ಪ್ರಯೋಗ ವಿಫಲ,” ಎಂದು ತೀರ್ಪು ಕೊಟ್ಟರು. ಎಲ್ಲರೂ ಮನೆಗೆ ಹೋದರು.

ಮರುದಿನ ಬಿಸಿಲಿಗೆ ನಡುಬೆರಳೂ ಕಪ್ಪಾಯಿತು. ಅದನ್ನು ಮೊದಲು ಕಂಡ ಇಸ್ತ್ರಿ ಅಕ್ಕ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೆ ಮರೆತು ಕಿರುಚಿದಳು: “ಅಯ್ಯೋ, ಇನ್ನೊಂದು ಸಲ ಹಾಕಿ ಬಂದಿದ್ದಾನೆ!”

ಮತದಾನ ಮುಗಿದು ಎರಡು ದಿನವಾಗಿದ್ದರೂ ಅದು ಹೇಗೆ ಸಾಧ್ಯ ಎಂದು ಯಾರೂ ಕೇಳಲಿಲ್ಲ. ಸುಟ್ಟ ಅಂಗಿಯವನು ಮಾತ್ರ ಏನೋ ಕೇಳಿದ, ಅದು ಬೇರೆ ವಿಷಯ.

ಆ ಮಧ್ಯಾಹ್ನ ಫಲಿತಾಂಶ ಬಂತು. ಹಳೆಯ ಸದಸ್ಯನೇ ಮತ್ತೆ ಗೆದ್ದಿದ್ದ. ಅದರಲ್ಲಿ ಆಶ್ಚರ್ಯವೇನಿರಲಿಲ್ಲ. ಆದರೆ ಕ್ಷೌರದ ಅಂಗಡಿಯ ರೇಡಿಯೋ ಇನ್ನೂ ಒಂದು ಮಾತು ಹೇಳಿತು. ಅತಿ ಹೆಚ್ಚು ಮತದಾನವಾದದ್ದು ಇದೇ ಬೀದಿಯ ಶಾಲೆಯ ಮತಗಟ್ಟೆಯಲ್ಲಂತೆ: ನೂರಕ್ಕೆ ತೊಂಬತ್ತೆಂಟು. ಅಷ್ಟೂ ಸದಸ್ಯನಿಗೇ.

ಮೊದಲು ಯಾರೋ ನಕ್ಕರು. ಆ ನಗು ಒಬ್ಬರಿಂದೊಬ್ಬರಿಗೆ ಹೋಗುತ್ತ ಹೋಗುತ್ತ ಸಣ್ಣದಾಗಿ ನಿಂತುಹೋಯಿತು. ಆಮೇಲೆ ಎಲ್ಲರೂ ಎಲ್ಲರ ಬೆರಳು ನೋಡತೊಡಗಿದರು. ಗಂಡ ಹೆಂಡತಿಯ ಬೆರಳು ನೋಡಿದ. ಅತ್ತೆ ಸೊಸೆಯದನ್ನು ಬೆಳಕಿಗೆ ಹಿಡಿದು ನೋಡಿದಳು. ಎಲ್ಲ ಬೆರಳೂ ಶುದ್ಧ.

“ಯಾರೂ ಹೋಗಿಲ್ಲ. ನಾವೇ ನೋಡಿದ್ದೀವಿ,” ಎಂದಳು ಇಸ್ತ್ರಿ ಅಕ್ಕ, ಸಣ್ಣ ದನಿಯಲ್ಲಿ. “ಹಾಗಾದ್ರೆ ಈ ಓಟು...”

ಆ ಪ್ರಶ್ನೆ ಮುಗಿಯುವುದು ಯಾರಿಗೂ ಬೇಕಿರಲಿಲ್ಲ. ಕ್ಷೌರದವನು ರೇಡಿಯೋ ಆರಿಸಿ, ಗೋಡೆಗೆ ಆತು ನೆಲದ ಮೇಲೆ ಕೂತುಬಿಟ್ಟಿದ್ದ. ಅವನ ಮುಖ ನೋಡಲಾಗದೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ಎಲ್ಲರೂ ಹೊರಗಿದ್ದೆವು, ಒಬ್ಬನನ್ನ ಬಿಟ್ಟು. ಎಲ್ಲರ ಬೆರಳೂ ಬೆಳ್ಳಗಿದೆ, ಒಬ್ಬನದನ್ನ ಬಿಟ್ಟು. ಲೆಕ್ಕ ನೀವೇ ಮಾಡಿ.”

“ಅಷ್ಟೂ ಓಟು ಅವನೊಬ್ಬನೇ ಹಾಕಿದನಾ ಮೇಷ್ಟ್ರೇ?”

“ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಗಿಲು ಹಾಕಿತ್ತು. ಹಿಂದಿನ ಬಾಗಿಲು ಶಾಲೆ ಕಡೆಗೇ ತೆರೆಯುತ್ತೆ. ದುಡಿಯೋನಿಗೆ ಒಂದು ದಿನ ಸಾಲದೇ?” ಎಂದರು ಮೇಷ್ಟ್ರು. “ಒಂದು ಬೆರಳು ಸಾಲಲಿಲ್ಲ ಅಂತಲೇ ಎರಡನೇದು.”

ಬೀದಿಗೆ ಉಸಿರು ಮರಳಿತು. ಕ್ಷೌರದವನು ಎದ್ದು ನಿಂತ. ಆ ಹೊತ್ತಿನಿಂದ ಕನ್ನಡಿಯವನ ಜೊತೆ ಬೀದಿಯಲ್ಲಿ ಒಬ್ಬರೂ ಮಾತಾಡಲಿಲ್ಲ. ಹಾಲಿನವನು ಪಾತ್ರೆಗೆ ಹಾಲು ಹುಯ್ಯುವಾಗ ಗೋಡೆಯ ಕಡೆ ನೋಡುತ್ತಿದ್ದ. ಬಟ್ಟೆ ಅಂಗಡಿಯವನು ಆಳೆತ್ತರದ ಕನ್ನಡಿಯನ್ನು ವಾಪಸು ಕಳಿಸಿ, ಇದರಲ್ಲಿ ಮುಖ ನೋಡಿಕೊಳ್ಳಲು ಗಿರಾಕಿಗಳು ಅಸಹ್ಯಪಡುತ್ತಾರೆಂದು ಹೇಳಿಕಳಿಸಿದ. ಇಷ್ಟನ್ನೆಲ್ಲ ಕನ್ನಡಿಯವನು ಸಹಿಸಿಯಾನು. ಆದರೆ ಎದುರಂಗಡಿಯ ಕ್ಷೌರದವನು, ಇವನು ಕಾಣಬಾರದೆಂದು ತನ್ನ ಬಾಗಿಲಿಗೆ ಚಾದರ ಇಳಿಬಿಟ್ಟ. ಕನ್ನಡಿಯವನು ದಿನವಿಡೀ ಆ ಚಾದರವನ್ನೇ ನೋಡುತ್ತ ಕೂರುತ್ತಿದ್ದ. ಉಳಿದರ್ಧ ಗಡ್ಡವನ್ನು ಬೇರೆಯವರ ಹತ್ತಿರ ತೆಗೆಸಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

ಗಾಯ ಆರುವ ಮುನ್ನ ಸರ್ಕಾರ ಬಂತು. ಸರ್ಕಾರ ಎಂದರೆ ಒಬ್ಬ ಸಾಹೇಬರು, ಒಂದು ಜೀಪು, ಒಂದು ಧ್ವನಿವರ್ಧಕ. ಅತಿ ಹೆಚ್ಚು ಮತದಾನ ಮಾಡಿದ ಬೀದಿಗೆ ‘ಮಾದರಿ ಮತದಾರರ ಬೀದಿ’ ಎಂಬ ಫಲಕ ನೆಡುವ ಸಮಾರಂಭ. ಸಾಹೇಬರ ಬೂಟು ಕೆಡಬಾರದೆಂದು ಚರಂಡಿಯ ಮೇಲೆ ಅಡ್ಡಡ್ಡವಾಗಿ ಗಟ್ಟಿ ಹಲಗೆಗಳನ್ನು ಹಾಸಿದರು. ಕ್ಷೌರದವನು ಚಾದರದ ಸಂದಿಯಿಂದ ಆ ಹಲಗೆಗಳನ್ನು ನೋಡುತ್ತ ನಿಂತಿದ್ದ.

“ಒಬ್ಬ ಆದರ್ಶ ಮತದಾರರನ್ನು ವೇದಿಕೆಗೆ ಕರೆಯಬೇಕು,” ಎಂದರು ಸಾಹೇಬರು. “ಬೆರಳಲ್ಲಿ ಗುರುತು ಇರುವವರು ಯಾರಾದರೂ ಬನ್ನಿ. ಫೋಟೋಗೆ.”

ಬೀದಿಯವರು ತಮ್ಮ ಬೆರಳು ಮಡಚಿಕೊಂಡು ಕನ್ನಡಿಯವನ ಅಂಗಡಿಯ ಕಡೆ ಗಲ್ಲ ತೋರಿಸಿದರು. ಇಬ್ಬರು ಪೇದೆಗಳು ಅವನನ್ನು ಗೌರವಪೂರ್ವಕವಾಗಿ ರಟ್ಟೆ ಹಿಡಿದು ಕರೆತಂದರು.

“ಎರಡು ಬೆರಳು!” ಎಂದು ಸಾಹೇಬರು ಪುಳಕಗೊಂಡರು. “ಏನು ಉತ್ಸಾಹ!”

“ಸಾಹೇಬ್ರೇ, ನಾನು ಓಟು ಹಾಕಿಲ್ಲ.”

“ಶ್ಶ್. ಗುಪ್ತ ಮತದಾನ ಕಣ್ರೀ. ಹಾಕಿದ್ದು, ಹಾಕದ್ದು ಎಲ್ಲ ಹಾಗೆ ಬಾಯಿಬಿಟ್ಟು ಹೇಳಬಾರದು.”

“ನಾನೊಬ್ಬನೇ ಅಲ್ಲ, ಇಲ್ಲಿ ಯಾರೂ ಹಾಕಿಲ್ಲ!”

“ವಿನಯ ನೋಡಿ ಇವರದು,” ಎಂದರು ಸಾಹೇಬರು ಧ್ವನಿವರ್ಧಕದಲ್ಲಿ. ಚೌಕಟ್ಟು ಹಾಕಿದ ಪ್ರಶಸ್ತಿಪತ್ರವನ್ನು ಅವನ ಎದೆಗೆ ಒತ್ತಿ ಹಿಡಿದು ಫೋಟೋ ತೆಗೆಸಿದರು. ಅಂಥ ಹೊತ್ತಿನಲ್ಲೂ ಚೌಕಟ್ಟಿನ ಗಾಜಿನಲ್ಲಿ ಗುಳ್ಳೆಗಳಿರುವುದು ಕನ್ನಡಿಯವನ ಕಣ್ಣಿಗೆ ಬಿತ್ತು. ಸಮಾರಂಭ ಮುಗಿಯಿತು. ಸಾಹೇಬರು ಹಲಗೆಯ ಮೇಲೆ ಹೆಜ್ಜೆಯಿಟ್ಟು ಜೀಪು ಹತ್ತಿದರು. ಹಿಂದೆಯೇ ಪೇದೆಗಳು ಹಲಗೆಗಳನ್ನು ಎತ್ತಿ ಜೀಪಿಗೆ ಹಾಕಿಕೊಂಡರು. ಫಲಕ ಉಳಿಯಿತು, ಚರಂಡಿ ಉಳಿಯಿತು.

ಇನ್ನು ಒಬ್ಬನೇ ಮನುಷ್ಯ ತನ್ನನ್ನು ಉಳಿಸಬಲ್ಲ ಎಂದು ಕನ್ನಡಿಯವನಿಗೆ ಹೊಳೆಯಿತು. ಇಡೀ ದಿನ ಪೆಟ್ಟಿಗೆಯ ಮುಂದೆ ಕೂತಿದ್ದ ಆ ಗುಮಾಸ್ತ. ಅವನನ್ನು ಹುಡುಕಿಕೊಂಡು ನೀರಿನ ಕಂದಾಯದ ಕಚೇರಿಗೆ ಹೋದ. ಗುಮಾಸ್ತ ಕಿಟಕಿಯ ಹಿಂದೆ ಊಟದ ಡಬ್ಬಿ ಬಿಚ್ಚುತ್ತಿದ್ದ.

“ಸ್ವಾಮಿ, ನಾನು ಅವತ್ತು ಮತಗಟ್ಟೆಗೆ ಬಂದಿದ್ನಾ?”

ಗುಮಾಸ್ತ ಅವನ ಅರ್ಧ ಗಡ್ಡವನ್ನು ದಿಟ್ಟಿಸಿ ನೋಡಿದ. “ಒಂದು ನರಪಿಳ್ಳೆ ಬರಲಿಲ್ಲ. ಒಂದು ನಾಯಿ ಬಂದಿತ್ತು. ನನ್ನ ರೊಟ್ಟಿ ತಿಂದು ಹೋಯ್ತು.”

“ಅಷ್ಟನ್ನ ನಮ್ಮ ಬೀದಿಗೆ ಬಂದು ಹೇಳಿ.”

“ಹೇಳಬಹುದು,” ಎಂದ ಗುಮಾಸ್ತ ಅನ್ನ ಕಲಸುತ್ತ. “ನೀವು ಬರಲಿಲ್ಲ ಅಂತ ಹೇಳಿದ್ರೆ, ಬಂದವರು ಯಾರು ಅಂತ ಕೇಳ್ತಾರೆ. ಆಗ ನಾನು ಏನು ಹೇಳಲಿ? ಸಂಜೆ ಪೆಟ್ಟಿಗೆ ಹಗುರವಾಗಿತ್ತು. ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಿ ಒಪ್ಪಿಸಿದೆ. ಮರುದಿನ ಎಣಿಸೋ ಜಾಗಕ್ಕೆ ಅದನ್ನ ಇಬ್ಬರು ಹೊತ್ತು ತಂದರು. ಪೆಟ್ಟಿಗೆ ಅಂದ್ಮೇಲೆ ಉಬ್ಬುತ್ತೆ ಅಂದ್ರು. ಹವೆ ಸರಿಯಿಲ್ಲ ಅಂದ್ರು. ನನಗೆ ಇಬ್ಬರು ಹೆಣ್ಣುಮಕ್ಕಳು.”

ಆದರೂ ಗುಮಾಸ್ತ ಕೆಟ್ಟವನಲ್ಲ. ಕನ್ನಡಿಯವನು ಕ್ಷೌರದವನ ವಿಷಯ ಹೇಳಿ ಕಿಟಕಿ ಬಿಟ್ಟು ಕದಲದೆ ನಿಂತದ್ದನ್ನು ನೋಡಿ, ಅವನು ಕಲಸಿದ ಅನ್ನವನ್ನು ಪಕ್ಕಕ್ಕೆ ಸರಿಸಿದ. “ಬೀದಿಗೆಲ್ಲ ಹೇಳೋಕಾಗಲ್ಲ. ನಿಮ್ಮ ಆ ಸ್ನೇಹಿತರೊಬ್ಬರ ಕಿವಿಯಲ್ಲಿ ಹೇಳ್ತೀನಿ. ನಡೀರಿ,” ಎಂದು ಡಬ್ಬಿ ಮುಚ್ಚಿದ.

ಕ್ಷೌರದ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಕನ್ನಡಿಯವನು ಚಾದರ ಸರಿಸಿ ಒಳಗೆ ಹೋದ, ಹಿಂದೆ ಗುಮಾಸ್ತ. ಕ್ಷೌರದವನು ಗಿರಾಕಿಯ ಕುರ್ಚಿಯಲ್ಲಿ ತಾನೇ ಕೂತಿದ್ದ. ಎದ್ದು ಹೊಡೆಯಲು ಬರಲಿಲ್ಲ. ಬೈಯಲಿಲ್ಲ.

“ಬಂದದ್ದು ಒಳ್ಳೇದಾಯ್ತು,” ಎಂದ. “ಒಂದು ಮಾತು ಕೇಳ್ತೀನಿ, ಆಣೆಗೀಣೆ ಬೇಡ, ನೆಟ್ಟಗೆ ಹೇಳು. ಹಾಕಿದ್ದು ನೀನೇನಾ?”

“ಅದನ್ನೇ ಹೇಳೋಕೆ ಇವರನ್ನ...”

“ತಡಿ. ಪೂರ್ತಿ ಕೇಳು. ನೀನೇ ಹಾಕಿದ್ದು ಅಂದ್ರೆ ಸಾಯೋವರೆಗೂ ನಿನ್ನನ್ನ ಕ್ಷಮಿಸೋಲ್ಲ. ಆದ್ರೆ ರಾತ್ರಿ ನಿದ್ದೆ ಮಾಡ್ತೀನಿ. ಇಡೀ ಬೀದಿ ನನ್ನ ಮಗಳಿಗೋಸ್ಕರ ಮಾತು ಉಳಿಸಿಕೊಂಡಿತು, ಒಬ್ಬ ಕೆಟ್ಟ, ಅಷ್ಟೇ ಅಂತ. ಮುಂದಿನ ಸಲ ಅವನನ್ನ ಹಿಡಿದಿಟ್ಟುಕೊಂಡ್ರೆ ಆಯ್ತು ಅಂತ.” ಅವನು ತನ್ನ ಅಂಗೈಗಳನ್ನು ಮಂಡಿಯ ಮೇಲೆ ತಿರುಗಿಸಿ ಇಟ್ಟುಕೊಂಡ. “ನೀನೂ ಹಾಕಿಲ್ಲ ಅಂದ್ರೆ? ಯಾರೂ ಹಾಕದೇನೇ ಬಂದ ಸರ್ಕಾರದ ಹತ್ತಿರ ನಾನು ಏನು ಅಂತ ಮುನಿಸಿಕೊಳ್ಳಲಿ, ಹೇಳು? ಅವಳ ಹೆಸರಲ್ಲಿ ನನ್ನ ಕೈಲಿದ್ದದ್ದು ಅದೊಂದೇ ಕಣೋ.”

ಗುಮಾಸ್ತ ಬಾಯಿ ತೆರೆದ. ಕನ್ನಡಿಯವನು ಅವನ ಕಾಲನ್ನು ತುಳಿದ.

“ನಾನೇ ಹಾಕಿದ್ದು,” ಎಂದ.

“ಎಷ್ಟು?”

“ಅಷ್ಟೂ.”

ಕ್ಷೌರದವನು ಎದ್ದು ಬಂದು ಅವನ ಗಡ್ಡವಿಲ್ಲದ ಕೆನ್ನೆಗೆ ಬಾರಿಸಿದ. ಆಮೇಲೆ, ಮಗಳು ಹೋದ ಮೇಲೆ ಮೊದಲ ಸಲ, ಎಲ್ಲರಿಗೂ ಕೇಳಿಸುವ ಹಾಗೆ ಅತ್ತ. ಅತ್ತು ಮುಗಿಸಿ, ಮುಖ ಒರೆಸಿಕೊಂಡು, ಗುಮಾಸ್ತನನ್ನು ಕಂಡು, “ಇವರು ಯಾರು?” ಎಂದು ಕೇಳಿದ.

“ಕನ್ನಡಿ ಮಾಡಿಸೋಕೆ ಬಂದವನು,” ಎಂದು ಗುಮಾಸ್ತ ಕುಂಟುತ್ತ ಹೊರಟುಹೋದ.

ತಪ್ಪೊಪ್ಪಿಗೆಯ ಸುದ್ದಿ ಹರಡಿದ ಮೇಲೆ ಬೀದಿಯ ಆರೋಗ್ಯ ಸುಧಾರಿಸಿತು. ಜನ ಮತ್ತೆ ರೇಡಿಯೋ ಕೇಳತೊಡಗಿದರು. ಕ್ಷೌರದವನು ಚಾದರ ತೆಗೆದ. ದ್ರೋಹಿಯ ಉಳಿದರ್ಧ ಗಡ್ಡವನ್ನು, ಬೈಯುತ್ತ ಬೈಯುತ್ತ, ತಾನೇ ಬೋಳಿಸಿದ. ಅಷ್ಟೂ ಓಟು ಹಾಕಿದವನನ್ನು ನೋಡಲು ಪಕ್ಕದ ಬೀದಿಗಳಿಂದ ಜನ ಬಂದರು. ಬಂದವರು ಬರಿಗೈಯಲ್ಲಿ ಹೋಗಲಾಗದೆ ಒಂದೊಂದು ಕೈಗನ್ನಡಿ ಕೊಂಡರು. ಮಾದರಿ ಬೀದಿಯ ಕೀರ್ತಿಯಿಂದ ಸದಸ್ಯ ಮೇಲ್ಮನೆಗೆ ಹೋದ. ತೆರವಾದ ಜಾಗಕ್ಕೆ ಅವನ ಭಾವಮೈದುನ ನಿಂತ. ಮತ್ತೆ ಚುನಾವಣೆ ಬಂತು.

ಈ ಸಲ ಬೀದಿಯವರು ಎಚ್ಚರವಾಗಿದ್ದರು. ಮತದಾನದ ದಿನ ಬೆಳಗಾಗುತ್ತಲೇ ಕನ್ನಡಿಯವನನ್ನು ಮನೆಯಿಂದ ಕರೆತಂದು, ಬೀದಿಯ ನಟ್ಟನಡುವೆ ಒಂದು ಮರದ ಕುರ್ಚಿಯಲ್ಲಿ ಕೂರಿಸಿ, ಬಟ್ಟೆ ಒಣಹಾಕುವ ಹಗ್ಗದಿಂದ ಕಟ್ಟಿದರು. “ಬಿಗಿಯಾಯ್ತೇನೋ?” ಎಂದು ಕ್ಷೌರದವನು ವಿಚಾರಿಸಿ, ಒಂದು ಸುತ್ತು ಸಡಿಲಿಸಿದ. ಸುತ್ತಲೂ ಎಲ್ಲರೂ ಕುರ್ಚಿ ಹಾಕಿಕೊಂಡು ಅವನನ್ನೇ ನೋಡುತ್ತ ಕೂತರು. ಹೆಂಡತಿ ಅನ್ನ ಕಲಸಿ ಬಾಯಿಗಿಟ್ಟಳು. ಇಸ್ತ್ರಿ ಅಕ್ಕ ಮೂಗಿನ ಮೇಲೆ ಕೂತ ನೊಣ ಓಡಿಸಿದಳು. ಅಂಥ ಹಿಗ್ಗಿನ ದಿನವನ್ನು ಆ ಬೀದಿ ಬಹಳ ಕಾಲ ಕಂಡಿರಲಿಲ್ಲ.

ಸಂಜೆ ಐದಕ್ಕೆ ಮತದಾನ ಮುಗಿಯಿತು. ಎಣಿಕೆಯವರಿಗೆ ಈ ಹೊತ್ತಿಗೆ ಕೈ ಪಳಗಿತ್ತು ಎಂದು ಕಾಣುತ್ತದೆ. ದೀಪ ಹಚ್ಚುವ ಮೊದಲೇ ರೇಡಿಯೋ ಫಲಿತಾಂಶ ಹೇಳಿತು. ಭಾವಮೈದುನ ಗೆದ್ದಿದ್ದ. ಶಾಲೆಯ ಮತಗಟ್ಟೆಯಲ್ಲಿ ನೂರಕ್ಕೆ ನೂರು.

ಯಾರೂ ನಗಲಿಲ್ಲ. ಯಾರೂ ಯಾರ ಬೆರಳನ್ನೂ ನೋಡಲಿಲ್ಲ. ಎಲ್ಲರೂ ಕುರ್ಚಿಗೆ ಕಟ್ಟಿದ್ದ ಮನುಷ್ಯನನ್ನು ನೋಡಿದರು. ಕಟ್ಟು ಕಟ್ಟಿದಂತೆಯೇ ಇತ್ತು. ಮೇಷ್ಟ್ರು ಏನೋ ಹೇಳಲು ಹೋಗಿ, ಕನ್ನಡಕ ತೆಗೆದು, ಒರೆಸುತ್ತ ಕೂತರು. ಒರೆಸುವುದು ಮುಗಿಯಲೇ ಇಲ್ಲ.

ಕ್ಷೌರದವನು ಹತ್ತಿರ ಬಂದು, ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವನ ತುಟಿ ಬಿಳಿಚಿಕೊಂಡಿತ್ತು.

“ಹೇಗೆ ಮಾಡಿದೆಯೋ?” ಎಂದ. ಬೈಗುಳದಂತೆ ಇರಲಿಲ್ಲ ಅದು. ಬೇಡುವಂತಿತ್ತು.

ಬೀದಿಯೆಲ್ಲ ಉಸಿರು ಹಿಡಿದು ಕಾಯಿತು. ಕನ್ನಡಿಯವನು ಅವರ ಮುಖಗಳನ್ನು ಒಂದೊಂದಾಗಿ ನೋಡಿದ. ಕೊನೆಗೆ ಕ್ಷೌರದವನ ಮುಖ ನೋಡಿದ.

“ಮಧ್ಯಾಹ್ನ ಊಟ ಆದ್ಮೇಲೆ,” ಎಂದ, “ನೀವೆಲ್ಲ ಸ್ವಲ್ಪ ತೂಕಡಿಸಿದ್ರಲ್ಲ. ಆಗ.”

“ನಾನು ಬಡಕೊಂಡೆ!” ಎಂದು ಕ್ಷೌರದವನು ಎದ್ದು ಚೀರಿದ. ಅವನ ಮುಖಕ್ಕೆ ರಕ್ತ ಮರಳಿತ್ತು. “ತೂಕಡಿಸಬೇಡಿ ಅಂತ ಬಡಕೊಂಡೆ! ಮೇಷ್ಟ್ರೇ, ನೀವಂತೂ ಗೊರಕೆ ಹೊಡೆದ್ರಿ!”

“ನಾನಾ? ಗೊರಕೆಯಾ? ಇಸ್ತ್ರಿ ಅಕ್ಕನ್ನ ಕೇಳಿ!”

“ನನ್ನನ್ನ ಯಾಕೆ ಕೇಳ್ತೀರಿ? ನಾನು ಕಣ್ಣು ಮುಚ್ಚಿದ್ದು ಬಿಸಿಲಿಗೆ!”

ಬೀದಿ ಒಟ್ಟಿಗೆ ಮಾತಾಡತೊಡಗಿತು. ಮುಂದಿನ ಸಲ ಊಟ ಕಡಿಮೆ ಮಾಡಬೇಕೆಂದರು. ಪಾಳಿ ಹಾಕಿಕೊಂಡು ಎಚ್ಚರವಿರಬೇಕೆಂದರು. ಯಾರ ಪಾಳಿ ಮೊದಲು ಎಂಬುದಕ್ಕೆ ಜಗಳ ಹತ್ತಿ, ಎಲ್ಲರೂ ಕ್ಷೌರದ ಅಂಗಡಿಯೊಳಗೆ ನುಗ್ಗಿ, ಅಲ್ಲಿ ದೀಪ ಹಚ್ಚಿಕೊಂಡು, ಆವೇಶದಿಂದ ಯೋಜನೆ ಮಾಡತೊಡಗಿದರು.

“ಲೋ,” ಎಂದು ಕನ್ನಡಿಯವನು ಕತ್ತಲಾಗುತ್ತಿದ್ದ ಬೀದಿಯ ಮಧ್ಯದಿಂದ ಕರೆದ. “ಕೈ ಜೋಮು ಹಿಡಿದಿದೆ. ಯಾರಾದ್ರೂ ಬಂದು ಬಿಚ್ಚಿ.”

ಒಳಗೆ ಎಲ್ಲರೂ ಒಟ್ಟಿಗೆ ಕೂಗಾಡುತ್ತಿದ್ದುದರಿಂದ ಅದು ಯಾರಿಗೂ ಕೇಳಿಸಲಿಲ್ಲ.